ಅಕ್ಕನ ಮೂವತ್ತೆರಡರ ಪಿಸ್ತೂಲಿಗೆ ಯಾವ ಗುಂಡು

ಡೆಲ್ಮರ್ ಫ್ಯೂಗೇಟನ ಹತ್ತಿರ ಗುಂಡು ಕೊಳ್ಳಲು ಬಂದವರು ಒಂದು ಡಬ್ಬಿ ಗುಂಡಿನ ಜೊತೆಗೆ ಹೊಟ್ಟೆ ತುಂಬ ಬೈಗುಳವನ್ನೂ ಪುಕ್ಕಟೆ ಕೊಂಡೊಯ್ಯುತ್ತಿದ್ದರು. ಕೆಂಟಕಿಯ ಪೂರ್ವದ ಬೆಟ್ಟಗಳ ನಡುವಿನ ಆ ಪುಟ್ಟ ಊರಿನ ಹಾರ್ಡ್‌ವೇರ್ ಅಂಗಡಿಯಲ್ಲಿ ಬಂದೂಕಿನ ಕೌಂಟರು ಇಪ್ಪತ್ತೆರಡು ವರ್ಷದಿಂದ ಅವನದೇ. ಎಂಟನೇ ತರಗತಿಗೇ ಪುಸ್ತಕಕ್ಕೆ ಕೈಮುಗಿದವನು. ಕಲ್ಲಿದ್ದಲ ಗಣಿಯಲ್ಲಿ ಮೇಲಿನ ಬಂಡೆ ಕುಸಿದು ಸೊಂಟ ಹಾಳಾದ ಮೇಲೆ ಈ ಸ್ಟೂಲಿನ ಮೇಲೆ ಬಂದು ಕೂತವನು. ಕೋಪ ಮೂಗಿನ ತುದಿಯಲ್ಲೇ. ಅವನಿಗೇ ಪಾಠ ಹೇಳಲು ಹೋದ ಒಬ್ಬ ಗಿರಾಕಿಯ ಕಿವಿ ಸವರಿಕೊಂಡು ಸ್ಟೇಪ್ಲರ್ ಒಂದು ಹಾರಿಹೋದದ್ದು ಊರಿಗೆಲ್ಲ ಗೊತ್ತು.

ಅವನ ಉಪದೇಶ ಒಂದೇ. ಜೀವ ಕಾಯಲು ಇಟ್ಟುಕೊಳ್ಳುವ ಪಿಸ್ತೂಲಿಗೆ ತೂತುಮೂತಿ ಗುಂಡು. ಮೂತಿಯಲ್ಲಿ ಹಳ್ಳವಿರುವ ಈ ಗುಂಡು ತಗುಲಿದೊಡನೆ ಅರಳಿಕೊಂಡು ಒಳಗೇ ನಿಲ್ಲುತ್ತದೆ. ದುಂಡುಮೂತಿಯದು ಅಗ್ಗ, ಅದು ಬರಿಯ ಗುರಿ ಅಭ್ಯಾಸಕ್ಕೆ.

"ದುಂಡುಮೂತಿ ಜೇಬಲ್ಲಿ ಹಾಕ್ಕೊಂಡು ಓಡಾಡೋನು ಶುದ್ಧ ಮಂಕ," ಎನ್ನುತ್ತಿದ್ದ ಅವನು.

ಮೂಲೆಯ ಬೆಂಚಿನಲ್ಲಿ ಬಂದೂಕು ರಿಪೇರಿ ಮಾಡುತ್ತಿದ್ದ ಎಸ್ಟಿಲ್ ನೋಬಲ್‌ಗೆ ಎಪ್ಪತ್ತೊಂಬತ್ತು ವರ್ಷ. ಊರಿಗೆಲ್ಲ ಅವನು ಎಸ್ಟಿಲ್ ಮಾಮ. ತಲೆಯೆತ್ತದೆ ಗೊಣಗುತ್ತಿದ್ದ: "ಸಣ್ಣ ಪಿಸ್ತೂಲಿನ ರೀತಿನೇ ಬೇರೆ ಕಣೋ."

"ನೀನು ಸ್ಕ್ರೂ ತಿರುಗಿಸು ಮಾಮ. ಮಾರೋ ಕೆಲಸ ನಂದು."

ಆ ಮಂಗಳವಾರ ಊಟದ ಹೊತ್ತಿಗೆ ಡೆಲ್ಮರನ ಅಕ್ಕ ಆರ್ಲೆಟಾ ಬಂದಳು. ತಾಯಿ ಸತ್ತಾಗ ಡೆಲ್ಮರ್‌ಗೆ ಆರು ವರ್ಷ, ಅವಳಿಗೆ ಹದಿನಾಲ್ಕು. ಅವನಿಗೆ ಉಣ್ಣಿಸಿ, ತಲೆ ಬಾಚಿ, ಎರಡೇಟು ಕೊಟ್ಟು ಬೆಳೆಸಿದವಳು. ಈಗ ಅವಳ ಕೆಲಸ, ಕಣಿವೆಗಳ ಒಳಗಿನ ಒಂಟಿ ಮನೆಗಳಿಗೆ ಕಾರಿನಲ್ಲಿ ಹೋಗಿ ಹಾಸಿಗೆ ಹಿಡಿದವರ ಗಾಯ ತೊಳೆದು ಮಾತ್ರೆ ಕೊಟ್ಟು ಬರುವುದು. ಬಂದವಳೇ ಕೋಟಿನ ಜೇಬಿನಿಂದ ಅಂಗೈಯಗಲದ, ಮೂವತ್ತೆರಡರ ಅಳತೆಯ ಸಣ್ಣ ಗುಂಡಿನ ಪಿಸ್ತೂಲನ್ನು ತೆಗೆದು ಕೌಂಟರಿನ ಮೇಲಿಟ್ಟಳು. ನಗಲು ನೋಡಿದಳು, ನಗು ಬರಲಿಲ್ಲ.

"ಏನಾಯ್ತಕ್ಕ?"

"ನಿನ್ನೆ ಬೇರ್ ಫೋರ್ಕ್ ಕಣಿವೆ ದಾರೀಲಿ ಒಬ್ಬ ಅಡ್ಡ ನಿಂತಿದ್ದ ಕಣೋ. ಯಾರಿಗೋ ಏನೋ ಆಗಿದೆ ಅಂದ್ಕೊಂಡು ನಿಲ್ಲಿಸ್ದೆ. ನೆಟ್ಟಗೆ ಬಂದು ಬಾಗಿಲು ಹಿಡ್ಕೊಂಡು ಎಳೆದ. ಲಾಕ್ ಆಗಿತ್ತು, ಸದ್ಯ. ಅರ್ಧ ಮೈಲಿ ಹಿಂದಕ್ಕೇ ಓಡಿಸ್ಕೊಂಡು ಬಂದೆ. ಪೊಲೀಸ್ರಿಗೆ ಹೇಳಿದೀನಿ, ಅವ್ನಿನ್ನೂ ಸಿಕ್ಕಿಲ್ಲ. ನಾಳೆ ಮತ್ತೆ ಅದೇ ದಾರಿಗೆ ಹೋಗ್ಬೇಕು. ಇದು ಹೊಡೆಯತ್ತೆ ತಾನೆ?"

"ನಾನೇ ಕೊಟ್ಟ ಗುಂಡು! ಐದು ವರ್ಷದಿಂದ ನಿನ್ ಜೇಬಲ್ಲಿದೆ. ಹೊಡೆಯತ್ತಾ ಅಂತ ಕೇಳ್ತೀಯಲ್ಲ?"

ಮೂಲೆಯಿಂದ ಎಸ್ಟಿಲ್ ಮಾಮ ಕೇಳಿದ: "ಆ ತೂತುಮೂತಿನ ಯಾವತ್ತಾದ್ರೂ ಹಾರಿಸಿ ನೋಡಿದ್ಯೇನಮ್ಮ?"

"ಇಲ್ಲಪ್ಪ. ಡಬ್ಬಿಗೆ ಇಪ್ಪತ್ತೇ ಇರೋದು, ಅಷ್ಟು ದುಡ್ಡು ಕೊಟ್ಟಿದ್ದನ್ನ ಯಾರು ನೀರಿನ ಡಬ್ಬಕ್ಕೆ ಹೊಡೀತಾರೆ? ಅಭ್ಯಾಸಕ್ಕೆ ಅಗ್ಗದ್ದು. ಇವ್ನೇ ಹೇಳಿದ್ದು."

ಡೆಲ್ಮರ್‌ನ ಕಿವಿ ಕೆಂಪಾಯಿತು. "ಎಲ್ರೂ ಹಾಗೇ ಮಾಡೋದು! ನಡೀರಿ ಬೆಟ್ಟದ ಮೇಲಕ್ಕೆ. ಇವತ್ತು ಈ ಮಾಮನ ಬಾಯಿ ಮುಚ್ಚಿಸ್ತೀನಿ."

ಊರ ಮೇಲಿನ ಬೆಟ್ಟದ ನೆತ್ತಿಯನ್ನು ಗಣಿಯವರು ಎಂದೋ ಕಡಿದು ಬೋಳು ಮಾಡಿ ಹೋಗಿದ್ದರು. ಊರಿನ ಗುರಿ ಅಭ್ಯಾಸವೆಲ್ಲ ಅಲ್ಲೇ. ಡೆಲ್ಮರ್ ಹಾಲಿನ ಖಾಲಿ ಡಬ್ಬಗಳಿಗೆ ಹೊಂಡದ ನೀರು ತುಂಬಿಸಿ, ಮಣ್ಣಿನ ದಿಬ್ಬಕ್ಕೆ ಎದುರಾಗಿ ಸಾಲಿಟ್ಟ. ಆರ್ಲೆಟಾ ಜೇಬಿನಿಂದ ಪಿಸ್ತೂಲನ್ನು ಇದ್ದ ಹಾಗೇ ತೆಗೆದು ಗುರಿಯಿಟ್ಟಳು.

ಮೊದಲ ಗುಂಡಿಗೆ ಒಂದು ಡಬ್ಬ ಸೀಳಿತು. ಡೆಲ್ಮರ್ ಮುದುಕನ ಕಡೆ ಹುಬ್ಬು ಹಾರಿಸಿದ. ಅವಳು ಮತ್ತೆ ಒತ್ತಿದಳು. ಏನೂ ಆಗಲಿಲ್ಲ. ಪಿಸ್ತೂಲಿನ ಹಿಂದೆ ಮುಂದೆ ಸರಿಯುವ ಮೇಲ್ಭಾಗ ಅರ್ಧಕ್ಕೆ ನಿಂತುಬಿಟ್ಟಿತ್ತು.

"ಕೊಡಿಲ್ಲಿ!" ಡೆಲ್ಮರ್ ಕಿತ್ತುಕೊಂಡು ಎಳೆದ, ಬಡಿದ, ಶಾಪ ಹಾಕಿದ. ಅದು ಅಲುಗಲಿಲ್ಲ.

ಎಸ್ಟಿಲ್ ಮಾಮ ಅದನ್ನು ಮೆಲ್ಲಗೆ ತೆಗೆದುಕೊಂಡು, ಹಿಡಿಯೊಳಗೆ ಸಾಲಾಗಿ ಗುಂಡು ಕೂರುವ ಪೆಟ್ಟಿಗೆಯನ್ನು ಸ್ಕ್ರೂಡ್ರೈವರಿನಿಂದ ಮೀಟಿ ಬಿಡಿಸಿ, ಬೆರಳಿನಿಂದ ತೋರಿಸಿದ. "ಮೂವತ್ತೆರಡರ ಗುಂಡಿಗೆ ಹಿಂದೆ ಹೊರಚಾಚಿದ ಒಂದು ಅಂಚಿದೆ, ನೋಡು. ತೂತುಮೂತಿದು ಒಂದು ಕೂದಲೆಳೆ ಗಿಡ್ಡ. ಒಳಗೆ ಜಾಗ ಸಿಕ್ತು ಅಂತ ಹಿಂದೆ ಮುಂದೆ ಜಾರತ್ತೆ. ನಿನ್ನಕ್ಕ ದಿನವಿಡೀ ಈ ಕಲ್ಲು ದಾರೀಲಿ ಕಾರಲ್ಲಿ ಕುಲುಕಾಡ್ತಾಳೆ. ಮೇಲಿನ ಗುಂಡಿನ ಅಂಚು ಕೆಳಗಿನದರ ಅಂಚಿನ ಹಿಂದಕ್ಕೆ ಹೋಗಿ ಸಿಕ್ಕೊಂಡಿದೆ. ಈಗ ಆನೆ ಎಳೆದ್ರೂ ಬರಲ್ಲ. ಆ ಅರಳೋ ಜಂಬವೆಲ್ಲ ದೊಡ್ಡ ಪಿಸ್ತೂಲಿಗೆ. ಈ ಪುಟಾಣಿಗೆ ಅಷ್ಟು ಕಸುವಿಲ್ಲ. ಅರಳಿದ್ರೆ ಆಳಕ್ಕೆ ಇಳಿಯಲ್ಲ."

ಆರ್ಲೆಟಾ ಕೇಳಿದಳು: "ಅಂದ್ರೆ ನಿನ್ನೆ ಒಂದೇ ಹೊಡೀತಿತ್ತಾ?"

ಡೆಲ್ಮರ್ ಟೋಪಿ ಕಿತ್ತು ನೆಲಕ್ಕೆ ಎಸೆದ. ಅದನ್ನು ತುಳಿದ. ಬೈಯಲು ಬಾಯಿ ತೆರೆದ, ಆದರೆ ಬೈಯಲು ತನ್ನನ್ನು ಬಿಟ್ಟು ಯಾರೂ ಕಾಣಲಿಲ್ಲ. ಐದು ವರ್ಷ! ಅಕ್ಕ ಒಂದೇ ಗುಂಡಿನ ಪಿಸ್ತೂಲು ಹಿಡಿದು ಆ ಕಣಿವೆಗಳಲ್ಲೆಲ್ಲ ತಿರುಗಿದ್ದಳು, ಅದೂ ಇವನ ಮಾತು ನಂಬಿ.

"ಟೋಪಿ ಏನ್ ಮಾಡ್ತೋ ಪಾಪ?" ಎಂದಳು ಅಕ್ಕ. "ದುಂಡುಮೂತಿ ತಾ. ಅದನ್ನೂ ನೋಡ್ಬಿಡೋಣ."

ಈ ಸಲ ಡೆಲ್ಮರ್ ಅರ್ಧಂಬರ್ಧ ಬಿಡಲಿಲ್ಲ. ಪೆಟ್ಟಿಗೆಗೆ ಆರು, ನಳಿಗೆಗೆ ಒಂದು ದುಂಡುಮೂತಿ ತುಂಬಿ, ಪಿಸ್ತೂಲನ್ನು ಅಕ್ಕನ ಕೋಟಿನ ಜೇಬಿಗೇ ಹಾಕಿಸಿ, ಅವಳನ್ನು ಅವಳದೇ ಕಾರಿನಲ್ಲಿ ಕೂರಿಸಿ, ಬಯಲಿನ ಹಳ್ಳ ದಿಣ್ಣೆಗಳಲ್ಲೆಲ್ಲ ಹತ್ತು ಸುತ್ತು ಓಡಿಸಿದ. "ನನ್ ಹಲ್ಲು ಉದುರತ್ತೆ ಕಣೋ!" ಎಂಬ ಅವಳ ಕೂಗು ಹೊಂಡದಾಚೆಗೂ ಕೇಳುತ್ತಿತ್ತು. ಮುಂದಿಟ್ಟ ಡಬ್ಬಗಳಿಗೆ ಎಸ್ಟಿಲ್ ಮಾಮ, ಮೈಮೇಲಿನ ಬಟ್ಟೆಯ ಲೆಕ್ಕಕ್ಕೆ, ತನ್ನ ಹಳೇ ಜೀನ್ಸ್ ಪ್ಯಾಂಟಿನ ತುಂಡುಗಳನ್ನು ಕಟ್ಟಿದ.

ಆರ್ಲೆಟಾ ಇಳಿದು ಕಾಲೂರಿ ನಿಂತಳು. ಒಂದು, ಎರಡು. ಎರಡನೆಯದು ಹಾರಿದಾಗ ಡೆಲ್ಮರ್ ಉಸಿರು ಬಿಟ್ಟ. ಮೂರು, ನಾಲ್ಕು, ಐದು, ಆರು. ಏಳನೆಯದು ಡಬ್ಬವನ್ನು ತಪ್ಪಿ ಮಣ್ಣೆಬ್ಬಿಸಿತು. ಅದನ್ನು ಯಾರು ಲೆಕ್ಕಕ್ಕಿಟ್ಟರು? ಮತ್ತೆ ತುಂಬಿ, ಮತ್ತೆ ಕುಲುಕಾಡಿಸಿ, ಮತ್ತೆ ಏಳು. ಮೂರನೆಯ ಸಲವೂ ಏಳು. ಪಿಸ್ತೂಲು ಒಮ್ಮೆಯೂ ತಡವರಿಸಲಿಲ್ಲ. ಗುಂಡುಗಳು ಜೀನ್ಸ್ ದಾಟಿ, ಒಂದರ ಹಿಂದೊಂದು ಇಟ್ಟ ಮೂರು ಡಬ್ಬ ದಾಟಿ ಹೋಗಿದ್ದವು.

ಡೆಲ್ಮರ್ ತಾನು ತಂದಿದ್ದ ಟ್ರಕ್ಕಿನ ಹಿಂಬದಿಯಲ್ಲಿ ಕೂತ. ಎದೆಯ ಮೇಲಿನ ಚಪ್ಪಡಿಯನ್ನು ಯಾರೋ ಎತ್ತಿ ಆಚೆಗಿಟ್ಟಂತೆ ಹಗುರ. ಕಣ್ಣಲ್ಲಿ ನೀರಾಡಿತು. ಅಕ್ಕ ಬಂದು ಪಕ್ಕದಲ್ಲಿ ಕೂತು, ಊಟದ ಡಬ್ಬಿಯಿಂದ ಮುಸುಕಿನ ಜೋಳದ ಬ್ರೆಡ್ಡು ಮುರಿದು ಅರ್ಧ ಅವನ ಕೈಗಿಟ್ಟಳು.

"ಏನೂ ಆಗ್ಲಿಲ್ವಲ್ಲೋ. ತಿನ್ನು."

"ಆಗಿದ್ರೆ?"

"ಆಗ್ಲಿಲ್ಲ. ತಿನ್ನು ಅಂದ್ನಲ್ಲ!"

ಅವನು ತಿಂದ. ಆಮೇಲೆ ಎಸ್ಟಿಲ್ ಮಾಮನ ಕಡೆ ತಿರುಗದೆ, ದಿಬ್ಬವನ್ನೇ ನೋಡುತ್ತ ಹೇಳಿದ: "ಮಾಮ, ನೀನು ಹೇಳಿದ್ದೇ ಸರಿ."

"ಏನಂದೆ? ಈ ಕಡೆ ಕಿವಿ ಸ್ವಲ್ಪ ಮಂದ."

"ಸಾಯಿ!"

ಮೂವರೂ ನಕ್ಕರು. ಆರ್ಲೆಟಾಳ ನಗು ನಿಲ್ಲುವುದಕ್ಕೆ ಬಹಳ ಹೊತ್ತು ಹಿಡಿಯಿತು.

ಇಳಿಹೊತ್ತಿಗೆ ಅಂಗಡಿಗೆ ಮರಳಿದವನೇ ಡೆಲ್ಮರ್ ಸಣ್ಣ ಪಿಸ್ತೂಲಿಗೆಂದು ತನ್ನಿಂದ ತೂತುಮೂತಿ ಕೊಂಡವರನ್ನು ಒಬ್ಬೊಬ್ಬರನ್ನೇ ನೆನಪಿಸಿಕೊಂಡು ಫೋನು ಮಾಡತೊಡಗಿದ. ಮೊದಲು ಸಿಕ್ಕವಳು ಚರ್ಚಿನಲ್ಲಿ ಪಿಯಾನೊ ನುಡಿಸುವ ವಿಧವೆ ಲೂಡೀ ಬ್ಯಾಕ್.

"ಲೂಡಿಯಮ್ಮ, ಡೆಲ್ಮರ್. ನಿಮ್ಗೆ ನಾನು ಕೊಟ್ಟ ಗುಂಡು ಸರಿಯಿಲ್ಲ. ಪಿಸ್ತೂಲು ತಗೊಂಡ್ಬನ್ನಿ, ಮೇಲೆ ಹೋಗಿ ಹಾರಿಸಿ ನೋಡೋಣ. ಹೂಂ, ತಪ್ಪು ನಂದೇ. ನಂದೇ ಅಂದೆ! ಎಷ್ಟು ಸಲ ಹೇಳಿಸ್ತೀರಿ? ಇಲ್ಲಮ್ಮ, ಜ್ವರಗಿರ ಏನಿಲ್ಲ, ಮೈ ಚೆನ್ನಾಗೇ ಇದೆ ನಂಗೆ!"