ಮೀಸೆ ಮಾಮನಿಗೆ ಸೀಟ್ ಬೆಲ್ಟ್

ಆನೆ ಕಿವಿ ಬೀಸುವುದನ್ನು ಇದ್ದಕ್ಕಿದ್ದಂತೆ ನಿಲ್ಲಿಸಿದರೆ ಏನರ್ಥ ಗೊತ್ತೆ? ಕಳೆದ ಭಾನುವಾರದವರೆಗೆ ನನಗೂ ಗೊತ್ತಿರಲಿಲ್ಲ. ಈಗ ಮನೆಯಲ್ಲಿ ಯಾರಾದರೂ ಫ್ಯಾನ್ ಆಫ್ ಮಾಡಿದರೂ ಬೆಚ್ಚಿ ಬೀಳುತ್ತಿದ್ದೇನೆ.

ಇದಕ್ಕೆಲ್ಲ ಕಾರಣ ಒಂದು ರಟ್ಟಿನ ಚೂರು. ಇಸ್ಪೀಟು ಎಲೆಗಿಂತ ಚಿಕ್ಕದು. ಅದರ ಮೇಲೆ ದಪ್ಪ ಮೀಸೆಯ ಅಮೆರಿಕನ್ನನೊಬ್ಬ ಒನಕೆಯಂಥ ಬ್ಯಾಟು ಹೆಗಲಿಗಿಟ್ಟುಕೊಂಡು, ಊಟದ ಹೊತ್ತಿಗೆ ಯಾರೋ ಬಾಗಿಲು ತಟ್ಟಿದಂತೆ ಮುಖ ಮಾಡಿ ನಿಂತಿದ್ದಾನೆ. ಬೇಸ್‌ಬಾಲ್ ಕಾರ್ಡ್! ನಾವು ಚಿಕ್ಕವರಿದ್ದಾಗ ಚೂಯಿಂಗ್ ಗಮ್ ಜೊತೆ ಕ್ರಿಕೆಟ್ ಆಟಗಾರರ ಚಿತ್ರ ಬರುತ್ತಿತ್ತಲ್ಲ, ಅದರ ಅಮೆರಿಕದ ಮುತ್ತಜ್ಜ. (ಆಗ ನಾವು ಗಮ್ ಉಗುಳಿ ಚಿತ್ರ ಇಟ್ಟುಕೊಳ್ಳುತ್ತಿದ್ದೆವು. ರೋಗದ ಮೂಲ ಅಲ್ಲೇ ಇರಬೇಕು.)

ಇದರ ಮಾಲೀಕರು ನನ್ನ ಭಾವ, ಅಂದರೆ ಅಕ್ಕನ ಗಂಡ. ಬಣಕಲ್ ಹತ್ತಿರ ಕಾಫಿ ತೋಟ, ತೋಟದೊಳಗೊಂದು ಹೋಮ್‌ಸ್ಟೇ. ಅಲ್ಲಿಗೆ ಬಂದ ಅಮೆರಿಕದ ಅತಿಥಿಯೊಬ್ಬ ತನ್ನ ಹಳೆಯ ಕಾರ್ಡುಗಳ ಫೋಟೊ ತೋರಿಸಿದ. ಅತಿಥಿ ಹೋದ, ಹುಚ್ಚು ಉಳಿಯಿತು. ಆ ವರ್ಷದ ಕಾಳುಮೆಣಸಿನ ಫಸಲು ಪೂರ್ತಿ ಕಾರ್ಡಾಗಿ ಕೊರಿಯರ್‌ನಲ್ಲಿ ಬಂತು. ಭಾವನಿಗೆ ಬೇಸ್‌ಬಾಲ್ ಬರುತ್ತದೆಯೇ? ಇಲ್ಲ. ಒಮ್ಮೆ ಮೊಬೈಲ್‌ನಲ್ಲಿ ಆಟ ನೋಡಲು ಕುಳಿತು ನಿದ್ದೆ ಹೋದರು. ಕಾರ್ಡಿನ ಮೇಲಿರುವವನ ಹೆಸರು ಅವರ ನಾಲಿಗೆಗೆ ಹೊರಳುವುದಿಲ್ಲ. ಅದಕ್ಕೇ ಮನೆಯವರೆಲ್ಲ ಅವನನ್ನು ಮೀಸೆ ಮಾಮ ಎನ್ನುತ್ತಾರೆ.

ಮೀಸೆ ಮಾಮನ ವೈಭೋಗ ಕೇಳಬೇಕು ನೀವು. ಅವನಿಗೊಂದು ತೆಳು ಪ್ಲಾಸ್ಟಿಕ್ ಕವರ್, ಅದರ ಮೇಲೊಂದು ಗಟ್ಟಿ ಕವರ್, ಅದಕ್ಕೊಂದು ಬೀಗ ಹಾಕುವ ಪೆಟ್ಟಿಗೆ. ಮಳೆಗಾಲದಲ್ಲಿ ಅವನಿರುವ ಕೋಣೆಗೆ ಹೀಟರ್. ಪಕ್ಕದ ಕೋಣೆಯಲ್ಲಿ ಅಕ್ಕನ ರೇಷ್ಮೆ ಸೀರೆಗೆ ಬೂಸ್ಟು ಹಿಡಿಯುತ್ತದೆ, ಅದು ಬೇರೆ ವಿಷಯ. ಭಾವನ ಹಳೇ ಜೀಪಿಗೆ ಸೀಟ್ ಬೆಲ್ಟ್ ಬಂದದ್ದೂ ಮೀಸೆ ಮಾಮನ ದೆಸೆಯಿಂದಲೇ. ಒಂದೇ ಬೆಲ್ಟು. ಎಡಗಡೆಯ ಸೀಟಿಗೆ.

ಭಾನುವಾರ ಆ ಸೀಟಿನಲ್ಲಿ ಪೆಟ್ಟಿಗೆ ಬೆಲ್ಟು ಕಟ್ಟಿಕೊಂಡು ಕುಳಿತಿತ್ತು. ಎಂ.ಎ. ಓದಿದ ನಾನು ಹಿಂದೆ, ಒಂದು ಹಲಸಿನ ಹಣ್ಣಿನ ಜೊತೆ.

ಹಣ್ಣು ಯಾಕೆ ಬಂತು ಎಂದರೆ, ನಾವು ಹೊರಟದ್ದು ಚಿಕ್ಕಮಗಳೂರಿನ ಡಾಕ್ಟರ್ ಒಬ್ಬರ ಮನೆಗೆ. ನಿವೃತ್ತರು, ಅವರಿಗೂ ಇದೇ ಹುಚ್ಚು. ಮೀಸೆ ಮಾಮ ಅಸಲಿಯೋ ನಕಲಿಯೋ ಎಂದು ಅವರು ನೋಡಿ ಹೇಳಬೇಕಿತ್ತು. ನಮ್ಮ ಕಡೆ ಯಾರ ಮನೆಗೂ ಬರಿಗೈಯಲ್ಲಿ ಹೋಗುವ ಪದ್ಧತಿ ಇಲ್ಲವಲ್ಲ! ಅಕ್ಕ ಹಣ್ಣು ಹೊರಿಸಿಯೇ ಕಳಿಸಿದಳು. ಇಲ್ಲೊಂದು ತಮಾಷೆ ಇದೆ. ಹಲಸಿನ ವಾಸನೆಗೆ ಆನೆ ಬರುತ್ತದೆಂದು ಹಿಂದಿನ ವಾರವಷ್ಟೇ ಭಾವ ತೋಟದ ಹಲಸೆಲ್ಲ ಕೀಳಿಸಿ ಗುಂಡಿಗೆ ಹಾಕಿಸಿದ್ದರು. ಡಾಕ್ಟರಿಗೆಂದು ಒಂದನ್ನು ಉಳಿಸಿಕೊಂಡಿದ್ದರು. ಅದು ಚೆನ್ನಾಗಿ ಹಣ್ಣಾಗಿತ್ತು.

"ಭಾವ, ತೋಟದವರ ವಾಟ್ಸಾಪ್ ಗ್ರೂಪಲ್ಲಿ ಈ ಕಡೆ ಆನೆ ಉಂಟು ಅಂತ ಹಾಕಿದ್ದಾರೆ ನೋಡಿ," ಎಂದೆ.

"ಅದು ನಿನ್ನೇದು ಮಾರಾಯ್ತಿ. ಆನೆ ಏನು ಒಂದೇ ಕಡೆ ಕೂತಿರ್ತದಾ?"

ಸರಿಯಾದ ಮಾತೇ. ಕೂತಿರಲಿಲ್ಲ. ನಮ್ಮ ಎದುರಿಗೇ ಬಂತು.

ಹೆದ್ದಾರಿಯ ಗುಂಡಿಗಳಲ್ಲಿ ಪೆಟ್ಟಿಗೆ ಕುಲುಕುತ್ತದೆಂದು ಭಾವ ತೋಟಗಳ ನಡುವಿನ ಒಳದಾರಿ ಹಿಡಿದಿದ್ದರು. ಒಂದು ತಿರುವಿನಲ್ಲಿ, ಸಿಲ್ವರ್ ಓಕ್ ಸಾಲಿನ ಕೆಳಗೆ, ರಸ್ತೆಗೆ ಅಡ್ಡವಾಗಿ ಒಂದು ಬೂದು ಗೋಡೆ ನಿಂತಿತ್ತು. ಗೋಡೆಗೆ ದಂತವಿತ್ತು. ಭಾವ ರಿವರ್ಸ್ ಹಾಕಿದರು. ಜೀಪು ಕೆಮ್ಮಿ ಆಫ್ ಆಯಿತು.

"ಇಳಿ, ಇಳಿ! ಮೇಲೆ ಓಡು!"

ಕಾಫಿ ಗಿಡಗಳ ನಡುವೆ ದಿಬ್ಬ ಹತ್ತಿ ಓಡಿದೆವು. ಮುಳ್ಳುತಂತಿಯ ಬೇಲಿ ದಾಟುವಾಗ ನನ್ನ ಮೊಣಕೈ ಸೀಳಿತು, ಅದು ಗೊತ್ತಾದದ್ದು ಆಮೇಲೆ. ಒಂದು ದಪ್ಪ ಮರದ ಹಿಂದೆ ಕುಕ್ಕರಿಸಿ ತಿರುಗಿ ನೋಡಿದರೆ, ಆನೆ ಆಗಲೇ ಜೀಪಿನ ಹಿಂದೆ ನಿಂತು ಸೊಂಡಿಲನ್ನು ಟಾರ್ಪಾಲಿನೊಳಗೆ ತೂರಿಸುತ್ತಿತ್ತು. ಎರಡು ನಿಮಿಷದ ಹಿಂದೆ ನಾನು ಕುಳಿತಿದ್ದ ಜಾಗ.

ಬದುಕಿದೆವು ಎಂದು ಉಸಿರು ಬಿಡುವಷ್ಟರಲ್ಲಿ ಭಾವ ಎದ್ದು ನಿಂತರು. "ಅಯ್ಯೋ, ಮೀಸೆ ಮಾಮ!"

"ಭಾವ, ಬೇಡ. ಕೂತ್ಕೊಳ್ಳಿ."

"ಬಾಗಿಲು ತೆಗ್ದೇ ಉಂಟು. ಅದು ಹಿಂದೆ ಹಣ್ಣು ಹುಡುಕ್ತಾ ಉಂಟಲ್ಲ. ಎಂಥ ಆಗುದಿಲ್ಲ, ಬಿಡು."

"ನಾನು ಅಕ್ಕನಿಗೆ ಎಂಥ ಹೇಳ್ಲಿ?" ಎಂದು ಅವರ ಅಂಗಿ ಹಿಡಿದುಕೊಂಡೆ. ಕೈಯಲ್ಲಿ ಒಂದು ಗುಂಡಿ ಉಳಿಯಿತು. ಭಾವ ಉಳಿಯಲಿಲ್ಲ.

ಆಮೇಲಿನದು ನನ್ನೊಳಗೆ ಈಗಲೂ ನಡೆಯುತ್ತಲೇ ಇದೆ. ಅನ್ನ ಬಡಿಸುವಾಗ, ಬಸ್ಸಿಗೆ ಕಾಯುವಾಗ, ಈ ಅಂಕಣ ಬರೆಯುವಾಗ. ಭಾವ ಬಗ್ಗಿಕೊಂಡು ಇಳಿಯುತ್ತಾರೆ. ಜೀಪಿನ ಆ ತುದಿಯಲ್ಲಿ ಆನೆ, ಈ ತುದಿಯಲ್ಲಿ ಬಿಪಿ ಚೆಕ್ ಮಾಡಿಸಲು ಪುರುಸೊತ್ತಿಲ್ಲದ ನನ್ನ ಭಾವ. ಬೆಲ್ಟು ಬಿಚ್ಚಿಕೊಳ್ಳುವುದಿಲ್ಲ. ಹೊಸ ಬೆಲ್ಟು, ಗಟ್ಟಿ ಬೆಲ್ಟು. ಎಳೆಯುತ್ತಾರೆ, ಒತ್ತುತ್ತಾರೆ. ಕೊನೆಗೆ "ಟಕ್" ಎನ್ನುತ್ತದೆ.

ಬೀಸುತ್ತಿದ್ದ ಆನೆಯ ಕಿವಿ ನಿಂತಿತು. ಸದ್ದು ಕೇಳಿಸಿಕೊಂಡಿದೆ ಎಂದರ್ಥ.

ಇಡೀ ತೋಟದಲ್ಲಿ ಒಂದು ಜೀರುಂಡೆಯೂ ಕೂಗಲಿಲ್ಲ. ಅಥವಾ ಕೂಗಿರಬಹುದು, ನನಗೆ ಕೇಳಲಿಲ್ಲ. ಸೊಂಡಿಲು ಹೊರಬಂತು, ಅದರ ಜೊತೆ ಹಣ್ಣೂ ಬಂತು, ಜಾರಿ ರಸ್ತೆಗೆ ಬಿದ್ದು ಒಡೆಯಿತು. ಆನೆ ಒಂದು ಸಲ ಭಾವನನ್ನು ನೋಡಿತು, ಒಂದು ಸಲ ತೊಳೆಗಳನ್ನು ನೋಡಿತು. ತೊಳೆಗಳನ್ನು ಆರಿಸಿಕೊಂಡಿತು. ಆ ತಿರುವಿನಲ್ಲಿ ಯಾವುದಕ್ಕೆ ಎಷ್ಟು ಬೆಲೆ ಎಂದು ಸರಿಯಾಗಿ ತಿಳಿದಿದ್ದದ್ದು ಅದೊಂದಕ್ಕೇ.

ಭಾವ ಪೆಟ್ಟಿಗೆಯನ್ನು ಹಸುಗೂಸಿನಂತೆ ಎದೆಗವಚಿಕೊಂಡು ದಿಬ್ಬ ಹತ್ತಿ ಬಂದರು. ನಗುತ್ತಿದ್ದರು! ನಾನು ಅಳುತ್ತಿದ್ದೆ. ಆನೆ ಹಣ್ಣು ಮುಗಿಸಿ, ನಿಧಾನಕ್ಕೆ ಎದುರಿನ ತೋಟಕ್ಕೆ ಇಳಿದು ಹೋಯಿತು.

ನಗಬೇಡಿ. ನಿಮ್ಮ ಮನೆಯ ಟಿವಿ ರಿಮೋಟಿಗೆ ಪ್ಲಾಸ್ಟಿಕ್ ಕವರ್ ಇಲ್ಲವೇ? ಕಾರು ಕೊಂಡು ವರ್ಷವಾದರೂ ಸೀಟಿನ ಕವರ್ ತೆಗೆಯದೆ, ಬೆವರುತ್ತ, ಪರಪರ ಸದ್ದು ಮಾಡುತ್ತ ಕೂರುವವರು ಯಾರು? ಮದುವೆಗೆ ಬಂದ ಪಿಂಗಾಣಿ ಕಪ್ಪುಗಳು ಶೋಕೇಸಿನಲ್ಲಿ, ನಮ್ಮ ಕಾಫಿ ಹಿಡಿ ಮುರಿದ ಲೋಟದಲ್ಲಿ. ಮೊಬೈಲ್ ಬಿದ್ದರೆ ಎದೆ ಒಡೆಯುತ್ತದೆ. ಮೊಬೈಲ್ ಹಿಡಿದವನು ಬಿದ್ದರೆ? ಮೊದಲು ಸ್ಕ್ರೀನ್ ನೋಡುತ್ತೇವೆ. ವಸ್ತುವಿಗೆ ಗೀರು ಬೀಳಬಾರದು. ಗೀರೆಲ್ಲ ನಮಗಿರಲಿ.

ಜೀಪು ಹೇಗೋ ಮತ್ತೆ ಸ್ಟಾರ್ಟ್ ಆಗಿ ಡಾಕ್ಟರ ಮನೆ ತಲುಪಿದಾಗ ನನ್ನ ತೋಳಿಗೆ ಸುತ್ತಿದ್ದ ದುಪಟ್ಟಾ ಕೆಂಪಾಗಿತ್ತು. ಡಾಕ್ಟರು ಭೂತಗನ್ನಡಿ ತಂದರು. ನಾನು ಕೈ ಮುಂದೆ ಚಾಚಿದೆ. ಅವರು ಪೆಟ್ಟಿಗೆ ತೆಗೆದುಕೊಂಡರು.

ಬಹಳ ಹೊತ್ತು ಪರೀಕ್ಷೆ ನಡೆಯಿತು. ಮೀಸೆ ಮಾಮನನ್ನು ದೀಪಕ್ಕೆ ಹಿಡಿದರು, ಬದಿ ನೋಡಿದರು, ಮೂಲೆ ನೋಡಿದರು. "ಅಸಲಿ," ಎಂದರು. "ಆದ್ರೆ ಈ ಮೂಲೆ ಒಂಚೂರು ಸವೆದಿದೆ. ಪಾಪ." ಆಮೇಲೆ ನನ್ನ ಕಡೆ ತಿರುಗಿ, "ನೀವೇನಮ್ಮ, ಟಿಟಿ ಇಂಜೆಕ್ಷನ್ ಹಾಕಿಸ್ಕೊಳ್ಳಿ, ಸರಿ ಹೋಗುತ್ತೆ," ಎಂದರು. ಪಾಪ ಎನ್ನಲಿಲ್ಲ.

ಭಾವ ಆನೆಯ ಕತೆ ಹೇಳಿದರು. ಅವರ ಕತೆಯಲ್ಲಿ ಆನೆ ನಿಜಕ್ಕಿಂತ ದೊಡ್ಡದಾಗಿತ್ತು, ನಾನು ಎಲ್ಲೂ ಇರಲಿಲ್ಲ. ಡಾಕ್ಟರ ಕಣ್ಣು ಹೊಳೆಯಿತು.

"ಒಳ್ಳೇ ಕತೆ ಕಣ್ರೀ! ಇಂಥ ಕತೆ ಇರೋ ಕಾರ್ಡಿಗೆ ಹೊರದೇಶದಲ್ಲಿ ಬೇರೇ ಮರ್ಯಾದೆ. ಆದ್ರೆ ಪ್ರೂಫ್ ಬೇಕಲ್ಲ. ಮುಂದೆ ಕಾರ್ಡು, ಹಿಂದೆ ಆನೆ, ಒಂದು ಫೋಟೊ ಇದ್ದಿದ್ರೆ..."

ಭಾವ ಪೆಟ್ಟಿಗೆ ಎತ್ತಿಕೊಂಡು ವಾಪಸು ಹೊರಟರು. ವಸ್ತಾರೆ ಊರು ದಾಟಿದರೂ ಮಾತಿಲ್ಲ. ಜೀವಭಯ ಈಗ ಹತ್ತಿದೆ, ಪಾಪ, ಹೊತ್ತಾಗಿ ಹತ್ತಿದೆ ಎಂದುಕೊಂಡೆ. ಹೆದ್ದಾರಿಯಲ್ಲೇ ಹೋಗೋಣ ಎಂದರೂ ಕೇಳದೆ ಒಳದಾರಿಗೆ ತಿರುಗಿದರು. ಆ ತಿರುವು ಬಂದಾಗ ಜೀಪು ನಿಧಾನವಾಯಿತು. ರಸ್ತೆಯ ಮೇಲೆ ಹಲಸಿನ ಸಿಪ್ಪೆ ಇನ್ನೂ ಹರಡಿ ಬಿದ್ದಿತ್ತು. ಭಾವ ಎಂಜಿನ್ ಆಫ್ ಮಾಡಿ, ಎರಡೂ ಬದಿಯ ತೋಟಗಳತ್ತ ಕಣ್ಣು ಹಾಯಿಸಿ, ಹಿಂದಕ್ಕೆ ತಿರುಗಿದರು.

"ಮಾರಾಯ್ತಿ, ನಿನ್ನ ಮೊಬೈಲಲ್ಲಿ ಚಾರ್ಜ್ ಉಂಟಾ?"