ಚರಗಕ್ಕೆ ಓಗೊಟ್ಟ ದನಿ

ದೆವ್ವ, ಪೀಡೆ, ಗಾಳಿ ಸೋಕುವುದು ಇವನ್ನೆಲ್ಲ ನಾನು ಯಾವತ್ತೂ ನಂಬಿದವಳಲ್ಲ. ಮೂಡಲಗಿಯ ಹೈಸ್ಕೂಲೊಂದರಲ್ಲಿ ಇಪ್ಪತ್ತೆರಡು ವರ್ಷದಿಂದ ವಿಜ್ಞಾನ ಕಲಿಸುತ್ತೇನೆ. ನಂಬದೆ ಇರುವುದೇ ನನ್ನ ಕೆಲಸ, ಅದಕ್ಕೇ ಪಗಾರ ಕೊಡುತ್ತಾರೆ. ಯಾರಾದರೂ ಹುಣಸೆಮರದ ಕೆಳಗೆ ಏನೋ ಕಂಡೆ ಅಂದರೆ, ಉಂಡದ್ದೇನು, ಜ್ವರ ಇತ್ತೇನು ಅಂತ ಮೊದಲು ಕೇಳುವವಳು ನಾನು. ತುಕ್ಕಾನಟ್ಟಿಯ ಗಂಡನ ಮನೆಯಲ್ಲಿ ಇದಕ್ಕಾಗಿಯೇ ನನಗೆ 'ಪ್ರಶ್ನಿಪತ್ರಿಕಿ' ಅಂತ ಹೆಸರಿಟ್ಟಿದ್ದಾರೆ. ಅಂಥವಳು ಈಗ ಇದನ್ನು ಬರೆಯಲು ಕೂತಿದ್ದೇನೆ. ನಗುವವರು ನಗಲಿ, ನಾನೂ ಇಂಥವನ್ನು ಓದಿ ನಕ್ಕವಳೇ.

ಮೊದಲೇ ಹೇಳಿಬಿಡುತ್ತೇನೆ, ಇದು ರಾತ್ರಿ ನಡೆದದ್ದಲ್ಲ. ಎಳ್ಳ ಅಮಾವಾಸ್ಯೆಯ ದಿನ, ಮಟಮಟ ಮಧ್ಯಾಹ್ನ, ನಾಲ್ಕು ಮಂದಿ ಇದ್ದಾಗ ನಡೆದದ್ದು. ಕತ್ತಲಲ್ಲಿ ಹಗ್ಗ ಹಾವಾಗಿ ಕಂಡಿತು ಅಂತ ಯಾರೂ ನನಗೆ ಪಾಠ ಹೇಳುವಂತಿಲ್ಲ.

ನನ್ನ ತವರು ಘೋಡಗೇರಿ. ಊರ ಹೊಲವಲ್ಲದೆ ಹಿಡಕಲ್ ಡ್ಯಾಮಿನ ಹಿನ್ನೀರಿನ ದಂಡೆಗೆ, ಗುಡ್ಡದ ಮಗ್ಗುಲಿಗೆ, ಅಪ್ಪನದು ಮೂರೆಕರೆ ಕಲ್ಲುಹೊಲ ಇದೆ. ಹಿಂದೆ ಗಿಡಗಂಟಿ ಬೆಳೆದ ಗುಡ್ಡ, ಮುಂದೆ ಕಣ್ಣು ಹೋದಷ್ಟೂ ನೀರು. ಬಿತ್ತಿದ್ದನ್ನು ಹಂದಿ, ಮಂಗ, ನವಿಲು ಹಂಚಿಕೊಂಡು ಮಿಕ್ಕಿದ್ದು ನಮಗೆ. ಹೀಗಾಗಿ ಬೆಳಗಾವಿಯ ಒಬ್ಬರು ಬಂದು ಇಲ್ಲಿ ಪ್ರವಾಸಿಗರಿಗೆ ಟೆಂಟು ಹಾಕುತ್ತೇವೆ, ಹೊಲ ಲೀಸಿಗೆ ಕೊಡಿ ಅಂದಾಗ ಅಪ್ಪ ಬೇಗನೆ ಒಪ್ಪಿದ. ಎಂಟು ಟೆಂಟು ಎದ್ದವು. ಹೊರಗಿನಿಂದ ದಪ್ಪ ಬಟ್ಟೆಯ ಗುಡಾರ. ಒಳಗೆ ಹೋದರೆ ಹಲಗೆಯ ನೆಲ, ಜೋಡಿ ಮಂಚ, ಆಳೆತ್ತರದ ಕನ್ನಡಿ, ಬಿಸಿನೀರು, ಬಚ್ಚಲು, ಸಂಡಾಸ. ಮೊದಲ ಸಲ ನೋಡಿದ ಅಪ್ಪ, "ಕುರಿಯವ್ರು ಹಾಕಿದ್ರ ಗುಡಾರ, ಇವ್ರು ಹಾಕಿದ್ರ ರಿಸಾರ್ಟು! ಆದ್ರೂ ಅರಿವಿ ಗುಡಾರದಾಗ ಸಂಡಾಸ ಕಟ್ಯಾರಲ್ಲ, ಇವ್ರ ಧೈರ್ಯಾ ಮೆಚ್ಚಬೇಕವಾ" ಅಂದಿದ್ದ.

ಅಪ್ಪ ಹಾಕಿದ ಷರತ್ತು ಒಂದೇ. ವರ್ಷಕ್ಕೊಮ್ಮೆ ಎಳ್ಳ ಅಮಾವಾಸ್ಯೆಗೆ ನಾವು ಬಂದು ಆ ಹೊಲಕ್ಕೆ ಚರಗ ಚೆಲ್ಲುತ್ತೇವೆ, ಹಿಂದಿನ ದಿನದಿಂದ ಎರಡು ಟೆಂಟು ನಮಗೆ ಬಿಡಬೇಕು. ಚರಗವೆಂದರೆ ಭೂಮಿತಾಯಿಗೆ ಉಣಿಸುವುದು. ಸಜ್ಜೆ ರೊಟ್ಟಿ, ಕಡಬು, ಪಲ್ಯ, ಅನ್ನ ಎಲ್ಲ ಕಲಸಿ ಬುಟ್ಟಿಗೆ ತುಂಬಿಕೊಂಡು ಒಬ್ಬರು ಮುಂದೆ ಚೆಲ್ಲುತ್ತ ಹೋಗುತ್ತಾರೆ, ಇನ್ನೊಬ್ಬರು ಹಿಂದೆ ನೀರು ಚಿಮುಕಿಸುತ್ತ ಬರುತ್ತಾರೆ. ಮುಂದಿನವರು "ಹುಲ್ಲುಲ್ಲಿಗೋ" ಅಂತ ಕೂಗಬೇಕು, ಹಿಂದಿನವರು "ಚಳ್ಳಂಬ್ರಿಗೋ" ಅಂತ ಓಗೊಡಬೇಕು. ಅರ್ಥ ಕೇಳಬೇಡಿ. ಸಣ್ಣವಳಿದ್ದಾಗ ಅರ್ಥ ಕೇಳಿ ಅಜ್ಜಿಯ ಕೈಯಲ್ಲಿ ಒಂದು ಏಟು ತಿಂದಿದ್ದೇನೆ.

ನಮ್ಮ ಮನೆಯಲ್ಲಿ ಕೂಗುವವನು ಅಪ್ಪ, ಓಗೊಡುವವನು ನನ್ನ ತಮ್ಮ ಮಲ್ಲೇಶಿ. ಏಳು ವರ್ಷದವನಿದ್ದಾಗಿನಿಂದ ಅದು ಅವನದೇ ಪಾಳಿ. ಕೊನೆಯ 'ಗೋ'ವನ್ನು ಎಳೆದೂ ಎಳೆದೂ, ಉಸಿರು ಸಾಲದೆ ನಡುವೆ ಒಮ್ಮೆ ತುಂಡು ಮಾಡಿ, ಮತ್ತೆ ಹಿಡಿದು ಮುಗಿಸುತ್ತಿದ್ದ. ದೊಡ್ಡವನಾಗಿ, ಲಗ್ನವಾಗಿ, ಗೂಡ್ಸ್ ಗಾಡಿಯ ಡ್ರೈವರ್ ಆದಮೇಲೂ ಹಾಗೆಯೇ. ಈ ಘಟನೆಗೆ ಆರು ವರ್ಷ ಮೊದಲು, ಒಂದು ಮಳೆಗಾಲದಲ್ಲಿ, ಬೆಲ್ಲ ಹೇರಿಕೊಂಡು ಕೊಂಕಣದ ಕಡೆ ಹೋದ. ಗಾಡಿ ಘಟ್ಟದ ರಸ್ತೆಯ ಬದಿಗೆ ನಿಂತದ್ದು ಸಿಕ್ಕಿತು. ಕೀಲಿ ಅದರಲ್ಲೇ ಇತ್ತು, ಬೆಲ್ಲ ಇತ್ತು, ಅವನು ಇರಲಿಲ್ಲ. ಪೊಲೀಸರು ಹುಡುಕಿದರು, ನಾವು ಹುಡುಕಿದೆವು, ಅವ್ವ ಕಂಡಕಂಡ ದೇವರಿಗೆ ಬೇಡಿಕೊಂಡಳು. ಮನುಷ್ಯನೂ ಸಿಗಲಿಲ್ಲ, ಹೆಣವೂ ಸಿಗಲಿಲ್ಲ.

ಅವನ ಹೆಂಡತಿ ಸುನಂದಾಗೆ ಆಗ ಇಪ್ಪತ್ತಾರು. ಮಕ್ಕಳಿರಲಿಲ್ಲ. ಅವಳ ತವರಿನವರು ಕರೆದರೂ ಹೋಗದೆ ಅಪ್ಪ ಅವ್ವನ ಜೊತೆಗೇ ಉಳಿದಳು. ಟೆಂಟಿನವರು ಬಂದಮೇಲೆ ಅಲ್ಲಿಯ ಅಡಿಗೆಮನೆ ಸೇರಿದಳು. ಅವಳ ರೊಟ್ಟಿ, ಎಣಗಾಯಿ ಪಲ್ಯಕ್ಕೆ ಪುಣೆಯಿಂದ ಬಂದವರೂ ಬೆರಳು ಚೀಪುತ್ತಿದ್ದರು. ಅಲ್ಲಿ ಸೋಲಾರ್, ಪಂಪು ನೋಡಿಕೊಳ್ಳುವ ಅಶೋಕ ಅನ್ನುವವರು ಹೆಂಡತಿ ತೀರಿಕೊಂಡವರು. ಅವರು ಈ ಘಟನೆ ನಡೆದ ವರ್ಷ, ದೀಪಾವಳಿ ಮುಗಿದಮೇಲೆ ನೇರವಾಗಿ ಅಪ್ಪನ ಮುಂದೆ ಬಂದು ಕೂತರು. "ಕಾಕಾ, ನೀವು ಹೂಂ ಅಂದ್ರ ಸುನಂದಾನ್ನ ಉಡಿಕಿ ಮಾಡ್ಕೋತೀನ್ರಿ" ಅಂದರು. ನಮ್ಮ ಕಡೆ ಮರುಮದುವೆಗೆ ಉಡಿಕಿ ಅನ್ನುತ್ತಾರೆ.

ಅಪ್ಪನಿಗೆ ಮನಸ್ಸಿತ್ತು. ಅವ್ವ ಮಾತ್ರ ಬಗ್ಗಲಿಲ್ಲ. "ನಾಳೆ ನನ್ನ ಮಗಾ ಬಾಗಲಕ ಬಂದು ನಿಂತ್ರ ಏನ್ ಹೇಳ್ಲಿ? ನಿನ್ನ ಹೇಣ್ತಿನ್ನ ಬ್ಯಾರೇದವ್ರಿಗೆ ಕೊಟ್ಟೇವಪಾ, ಕೈಕಾಲ್ ತೊಳಕೋ, ಊಟಾ ಮಾಡು ಅನ್ಲ್ಯಾ?" ಅನ್ನುತ್ತಿದ್ದಳು. ಕೊನೆಗೆ ಅಪ್ಪ, ಎಳ್ಳ ಅಮಾವಾಸ್ಯೆ ಬರಲಿ, ಚರಗ ಚೆಲ್ಲಿ ಊಟಕ್ಕೆ ಕೂತಾಗ ನನ್ನ ಮಾತು ಹೇಳುತ್ತೇನೆ ಅಂದ.

ಹಿಂದಿನ ದಿನ ಸಂಜೆಗೆ ಟೆಂಟಿಗೆ ಹೋದೆವು. ಒಂದರಲ್ಲಿ ಅಪ್ಪ ಅವ್ವ, ಇನ್ನೊಂದರಲ್ಲಿ ನಾನು, ಸುನಂದಾ. ಆ ಮಂಚದ ಮೆತ್ತೆ ಕೂತರೆ ಒಳಗೆ ಇಳಿಯುವಂಥದ್ದು, ನನಗಂತೂ ಬೆನ್ನು ನೋವು ಬಂತು. ಸುನಂದಾ ಕನ್ನಡಿಯ ಮುಂದೆ ನಿಂತು ಜಡೆ ಬಿಚ್ಚುತ್ತಿದ್ದವಳು ಅಲ್ಲಿಂದಲೇ ಅಂದಳು: "ಅಕ್ಕಾರ, ಆರು ವರ್ಷಾತು. ಮುಂಜಾನೆದ್ದು ಕನ್ನಡಿ ಮುಂದ ನಿಂತ್ರ ಕುಂಕಮಾ ಹಚ್ಕೋಬೇಕೋ ಬ್ಯಾಡೋ ತಿಳೀಲಾರದ ಹಚ್ಕೋತೇನಿ. ನಾ ಗಂಡ ಇದ್ದಾಕಿನೂ ಅಲ್ಲ, ಸತ್ತಾಕಿನೂ ಅಲ್ಲ. ಮಂದಿ ಉಡಿ ತುಂಬಾಕ ಕರ್ಯಾಕೂ ವಿಚಾರ ಮಾಡ್ತಾರ."

ಅಪ್ಪ ನಾಳೆ ಹೂಂ ಅನ್ನುತ್ತಾನೆ, ಏನೇ ಆದರೂ ನಾನು ನಿನ್ನ ಬೆನ್ನಿಗಿದ್ದೇನೆ ಅಂತ ಮಾತು ಕೊಟ್ಟೆ. ಆಮೇಲೆ ಇಬ್ಬರೂ ಚೆನ್ನಾಗಿ ನಿದ್ದೆ ಮಾಡಿದೆವು.

ಮರುದಿನ ಐದು ಕಲ್ಲಿಗೆ ಸುಣ್ಣ ಹಚ್ಚಿ, ಪಾಂಡವರು ಅಂತ ಬೇವಿನ ಮರದ ಕೆಳಗಿಟ್ಟು ಪೂಜೆ ಮಾಡಿದೆವು. ಮ್ಯಾನೇಜರ್ ಬಂದು, "ಅಜ್ಜಾರ, ಹಲಗಿ ಮ್ಯಾಲ ಚೆಲ್ಲಬ್ಯಾಡ್ರಿ, ಇರಿವಿ ಬರ್ತಾವ್ರಿ" ಅಂತ ಕೈ ಮುಗಿದರು. "ಇರಿವೀನೂ ಉಣ್ಲಿ ಬಿಡ್ರಿ, ಅವೇನ್ ನಿಮ್ಮ ಬಿಲ್ ತಪ್ಪಿಸಿ ಓಡಿ ಹೋಗಂಗಿಲ್ಲ" ಅಂದ ಅಪ್ಪ. ಆವತ್ತು ಇದ್ದ ಪ್ರವಾಸಿಗರು ಪುಣೆಯ ಗಂಡಹೆಂಡಿರಿಬ್ಬರೇ, ಕನ್ನಡದ ಗಂಧ ಇಲ್ಲದವರು. ಅಶೋಕ ಅವರು, ತಾವಿದ್ದರೆ ಹಿರಿಯರಿಗೆ ಮುಜುಗರವೆಂದು ಬೆಳಿಗ್ಗೆಯೇ ಹುಕ್ಕೇರಿಗೆ ಹೋಗಿದ್ದರು.

ಮುಂದೆ ಬುಟ್ಟಿ ಹಿಡಿದು ಅಪ್ಪ, ಹಿಂದೆ ನೀರಿನ ತಂಬಿಗೆ ಹಿಡಿದು ನಾನು, ನನ್ನ ಹಿಂದೆ ಆರತಿ ತಟ್ಟೆ ಹಿಡಿದು ಸುನಂದಾ, ಕೊನೆಗೆ ಅವ್ವ. ಮಲ್ಲೇಶಿ ಹೋದಾಗಿನಿಂದ ಅಪ್ಪ ಬಾಯಿ ಬಿಚ್ಚದೆ ಚರಗ ಚೆಲ್ಲುತ್ತಿದ್ದ. ಓಗೊಡುವವರಿಲ್ಲದೆ ಕೂಗುವುದಾದರೂ ಹೇಗೆ? ಆವತ್ತು ಏನನ್ನಿಸಿತೋ, ಹೊಲದ ಮೊದಲ ಮೂಲೆಗೆ ಬಂದವನೇ "ಹುಲ್ಲುಲ್ಲಿಗೋ" ಅಂತ ದೊಡ್ಡದಾಗಿ ಕೂಗಿಬಿಟ್ಟ. ಪಾಪ ಅನ್ನಿಸಿ, ನಾನೇ ಓಗೊಡೋಣ ಅಂತ ಬಾಯಿ ತೆರೆದೆ.

ನನಗಿಂತ ಮೊದಲೇ ನೀರಿನ ಕಡೆಯಿಂದ "ಚಳ್ಳಂಬ್ರಿಗೋ" ಅಂತ ಬಂತು.

ಆಚೆ ದಂಡೆಯಲ್ಲೂ ಹೊಲಗಳಿವೆ, ಆವತ್ತು ಎಲ್ಲರೂ ಕೂಗುವವರೇ. ಹಾಗಂದುಕೊಂಡೇ ಮುಂದೆ ನಡೆದೆವು. ಎರಡನೆಯ ಮೂಲೆಯಲ್ಲಿ ಅಪ್ಪ ಮತ್ತೆ ಕೂಗಿದ. ಈ ಸಲ ಓಗೊಟ್ಟದ್ದು ಟೆಂಟುಗಳ ಹಿಂದಿನಿಂದ, ನೂರು ಹೆಜ್ಜೆಯೂ ಇಲ್ಲ. ಅಪ್ಪನ ಹೆಗಲು ಬಿಗಿಯಾದದ್ದು ನನಗೆ ಹಿಂದಿನಿಂದ ಕಂಡಿತು. ಆತ ತಿರುಗಲಿಲ್ಲ. ಮೂರನೆಯ ಮೂಲೆಗೆ ಬಂದು, ಸಣ್ಣ ದನಿಯಲ್ಲಿ, ಎದುರಿಗಿರುವವರನ್ನು ಕೇಳುವ ಹಾಗೆ, "ಹುಲ್ಲುಲ್ಲಿಗೋ" ಅಂದ. ಉತ್ತರ ನನ್ನ ಎಡಭುಜದ ಹತ್ತಿರ ಬಂತು. ನನಗೂ ಸುನಂದಾಗೂ ನಡುವೆ. 'ಗೋ' ಎಳೆಯಿತು, ನಡುವೆ ತುಂಡಾಯಿತು, ಮತ್ತೆ ಹಿಡಿದು ಮುಗಿಯಿತು.

ತಿರುಗಿದೆವು. ಯಾರೂ ಇಲ್ಲ. ಬಿಸಿಲು, ಹುಲ್ಲು, ಹಗ್ಗದ ಮೇಲೆ ಒಣಗಹಾಕಿದ ಬಿಳಿ ಚಾದರು. ತಂಬಿಗೆಯ ನೀರೆಲ್ಲ ನನ್ನ ಕಾಲ ಮೇಲೆ ಚೆಲ್ಲಿತ್ತು. ನಾಲ್ಕನೆಯ ಮೂಲೆಯಲ್ಲಿ ಅಪ್ಪ ಕೂಗಲಿಲ್ಲ. ಬುಟ್ಟಿ ಬೋರಲು ಹಾಕಿ ಅಲ್ಲೇ ಕೂತುಬಿಟ್ಟ.

ಅಷ್ಟರಲ್ಲಿ ಪುಣೆಯ ಹೆಂಗಸು ನಗುನಗುತ್ತ ನನ್ನ ಬಳಿ ಬಂದರು. ಹಬ್ಬ ಚೆಂದ ಇತ್ತು, ವಿಡಿಯೊ ಮಾಡಿದ್ದೇನೆ ನೋಡಿ ಅಂತ ಹಿಂದಿಯಲ್ಲಿ ಹೇಳಿ ಮೊಬೈಲ್ ಕೈಗೆ ಕೊಟ್ಟರು. ಸರಿಯಾಗಿ ಮೂರನೆಯ ಮೂಲೆಯದು. ಅಪ್ಪನ ದನಿ ಕೇಳಿಸಿತು. ಆಮೇಲೆ ಏನೂ ಇಲ್ಲ, ಬರೀ ಗಾಳಿ, ಹಕ್ಕಿ. ಆ ಸುಮ್ಮನಿರುವಿಕೆಯಲ್ಲಿ ನಾವು ನಾಲ್ವರೂ ಒಂದೇ ಜಾಗದ ಕಡೆಗೆ ತಿರುಗುತ್ತೇವೆ. ಎಲ್ಲರಿಗಿಂತ ಮೊದಲು ತಿರುಗಿದವಳು ಸುನಂದಾ. ಒಂದು ಕೈಯಲ್ಲಿ ಆರತಿ ತಟ್ಟೆ. ಇನ್ನೊಂದು ಕೈ ಎದ್ದು ಸೆರಗನ್ನು ತಲೆಯ ಮೇಲೆ ಎಳೆದುಕೊಳ್ಳುತ್ತದೆ, ಗಂಡ ಮನೆಗೆ ಬಂದಾಗ ಅವಳು ಎಳೆದುಕೊಳ್ಳುತ್ತಿದ್ದ ಹಾಗೆ.

ನಾನು ಎರಡು ಸಲ ನೋಡಿದೆ. ಆಮೇಲೆ, ನಮ್ಮ ತಂದೆಗೆ ಇದೆಲ್ಲ ಸೇರುವುದಿಲ್ಲ, ದಯವಿಟ್ಟು ಅಳಿಸಿಬಿಡಿ ಅಂದೆ. ಅವರು ಪೆಚ್ಚಾಗಿ ನನ್ನೆದುರಿಗೇ ಅಳಿಸಿದರು. ಪುರಾವೆ ಇಲ್ಲದೆ ಏನನ್ನೂ ನಂಬಬೇಡಿ ಅಂತ ಮಕ್ಕಳಿಗೆ ಹೇಳುವ ನಾನು, ಇದ್ದ ಒಂದು ಪುರಾವೆಯನ್ನು ಹೀಗೆ ಕಳೆದೆ.

ಊಟಕ್ಕೆ ಕೂತೆವು. ಯಾರೂ ತುತ್ತು ಎತ್ತಲಿಲ್ಲ. ಅವ್ವನೇ ಮಾತು ಶುರು ಮಾಡಿದಳು. "ಕೇಳಿದ್ರಿಲ್ಲೋ? ನನ್ನ ಮಗಂದು. ಅಂವಾ ಅದಾನ. ಉಡಿಕಿ ಮಾತ ಇಲ್ಲಿಗೆ ಬಿಡ್ರಿ."

ಅಪ್ಪ ಸೊಸೆಯ ಮುಖ ನೋಡಿದ. "ಸುನಂದವ್ವಾ, ನಿನಗೇನರ ಕೇಳಿಸ್ತೇನು?"

ಸುನಂದಾ ತಲೆ ಎತ್ತಲಿಲ್ಲ. ಎಲೆಯ ಮೇಲಿನ ರೊಟ್ಟಿಯನ್ನು ಚೂರುಚೂರು ಮಾಡುತ್ತಿದ್ದಳು. "ನನಗೇನೂ ಕೇಳಿಸಲಿಲ್ರಿ ಮಾವಾರ" ಅಂದಳು.

ಆಗ ಮೂವರೂ ನನ್ನ ಕಡೆ ನೋಡಿದರು. ಮನೆಯಲ್ಲಿ ಓದಿದವಳು ನಾನು. ನನ್ನ ಮಾತಿನ ಮೇಲೆ ಎಲ್ಲ ನಿಂತಿದೆ ಅಂತ ನನಗೆ ಗೊತ್ತಿತ್ತು. ಹೌದು ಅಂದರೆ ಸುನಂದಾ ಇನ್ನು ಇಪ್ಪತ್ತು ವರ್ಷ ಕನ್ನಡಿಯ ಮುಂದೆ ಹಾಗೇ ನಿಲ್ಲಬೇಕು.

"ನನಗೂ ಏನೂ ಕೇಳಿಸಿಲ್ಲಪಾ" ಅಂದೆ.

ಅಪ್ಪ ರೊಟ್ಟಿಯ ಒಂದು ತುತ್ತು ಮುರಿದ. ಮೂರನೆಯ ಮೂಲೆಯಲ್ಲಿ ಆತನೂ ತಿರುಗಿದ್ದನ್ನು ನಾನು ವಿಡಿಯೊದಲ್ಲಿ ಕಂಡಿದ್ದೆ. "ನನಗೂ ಕೇಳಿಲ್ಲ" ಅಂದ. "ಉಣ್ರಿ. ಉಗಾದಿಗಿಂತ ಮೊದಲ ಉಡಿಕಿ ಮುಗಸೂನು."

ಅವ್ವ ನಮ್ಮ ಮೂವರ ಮುಖವನ್ನೂ ಒಂದೊಂದಾಗಿ ನೋಡಿ, ಪಲ್ಯದ ಪಾತ್ರೆ ಎಳೆದುಕೊಂಡು ಎಲ್ಲರಿಗೂ ಬಡಿಸತೊಡಗಿದಳು. ಹಟ ಮಾಡಲಿಲ್ಲ, ಅಳಲಿಲ್ಲ. ಉಡಿಕಿಯ ದಿನ ತಾನೇ ಮುಂದೆ ನಿಂತು ಸುನಂದಾಳ ಉಡಿ ತುಂಬಿದಳು.

ಮುಂದೆ ಒಂದು ರಜೆಯಲ್ಲಿ ನಾನು ಒಬ್ಬಳೇ ಆ ಜಾಗಕ್ಕೆ ಹೋಗಿ, ಮೂರೂ ಮೂಲೆಗಳಲ್ಲಿ ನಿಂತು ಕೂಗಿ ನೋಡಿದ್ದೇನೆ. ಗುಡ್ಡದಿಂದ ಸಣ್ಣ ಪ್ರತಿಧ್ವನಿ ಬರುತ್ತದೆ, ನಿಜ. ಆದರೆ ಪ್ರತಿಧ್ವನಿ ಕೂಗಿದ್ದನ್ನೇ ತಿರುಗಿ ಕೂಗುತ್ತದೆ, ಜವಾಬು ಕೊಡುವುದಿಲ್ಲ. ಆಚೆ ದಂಡೆಯವರ ದನಿ ನನ್ನ ಭುಜದ ಬಳಿ ಬರಲಾರದು. ನಾಲ್ವರಿಗೂ ಒಟ್ಟಿಗೆ ಭ್ರಮೆಯಾಯಿತು ಅನ್ನಬಹುದು. ಕ್ಲಾಸಿನಲ್ಲಿ ಯಾರಾದರೂ ಇಂಥ ಉತ್ತರ ಬರೆದರೆ ನಾನು ಅರ್ಧ ಮಾರ್ಕೂ ಕೊಡುವುದಿಲ್ಲ.

ಸುನಂದಾ ಈಗ ಹುಕ್ಕೇರಿಯಲ್ಲಿದ್ದಾಳೆ. ಮಗಳು ಅಂಗನವಾಡಿಗೆ ಹೋಗುತ್ತಾಳೆ, ಅಶೋಕ ಬಂಗಾರದಂಥ ಮನುಷ್ಯ. ಆ ಮಧ್ಯಾಹ್ನದ ಮಾತನ್ನು ನಾನೂ ಎತ್ತಿಲ್ಲ, ಅವಳೂ ಎತ್ತಿಲ್ಲ. ಅವ್ವ ಮಾತ್ರ ಹೋದ ವರ್ಷ ಒಂದು ಸಲ, ಒಲೆಯ ಮುಂದೆ ರೊಟ್ಟಿ ಬಡಿಯುತ್ತ ಕೇಳಿದಳು: "ಖರೇ ಹೇಳ ಯವ್ವಾ, ನನ್ನ ಒಬ್ಬಾಕಿ ಕಿವಿಗಷ್ಟ ಬಂತನು ಅದು?" ಹೌದವ್ವಾ, ನಿನ್ನ ಮನಸ್ಸಿನದು ಅಂದೆ. ಅವಳು ತಲೆ ಆಡಿಸಿ, ತನಗೆ ಬುದ್ಧಿ ಸ್ಥಿಮಿತ ಇಲ್ಲವೆಂದು ಒಪ್ಪಿಕೊಂಡವಳ ಹಾಗೆ, ಮತ್ತೊಂದು ರೊಟ್ಟಿ ತಟ್ಟತೊಡಗಿದಳು. ಹೆತ್ತ ತಾಯಿಗೆ ಎರಡನೆಯ ಸಲ ಸುಳ್ಳು ಹೇಳಿ ಅದೇ ರೊಟ್ಟಿ ಉಂಡು ಬಂದೆ.

ಅದು ಸತ್ತವನ ದನಿಯಾಗಿದ್ದರೆ ನನಗೆ ಯಾವ ಭಯವೂ ಇಲ್ಲ. ಅಪ್ಪ ಕೂಗಿದ, ಮಗ ಓಗೊಟ್ಟ, ಹೋದ. ಆದರೆ ಅವನು ಎಲ್ಲೋ ಬದುಕಿದ್ದು, ಅಲ್ಲಿಂದಲೇ ಓಗೊಟ್ಟಿದ್ದರೆ? ಬದುಕಿದ ಮನುಷ್ಯನ ದನಿ ಅಷ್ಟು ದೂರ ಬರುವುದು ಸಾಧ್ಯವಿಲ್ಲ ಅಂತ ನನ್ನ ವಿಜ್ಞಾನ ಹೇಳುತ್ತದೆ. ಸತ್ತವನ ದನಿಯೂ ಬರುವುದಿಲ್ಲ ಅಂತ ಅದೇ ವಿಜ್ಞಾನ ಹೇಳುತ್ತದೆ. ಹೊತ್ತಲ್ಲದ ಹೊತ್ತಿನಲ್ಲಿ ತವರಿನಿಂದ ಫೋನು ಬಂದರೆ, ಅವನು ಬಾಗಿಲಿಗೆ ಬಂದು ನಿಂತನೇನೋ ಅಂದುಕೊಂಡೇ ಎತ್ತುತ್ತೇನೆ. ದೆವ್ವ ಗಿವ್ವ ಏನೂ ಇಲ್ಲ ಅಂತ ಈಗಲೂ ಮಕ್ಕಳಿಗೆ ಪಾಠ ಹೇಳುತ್ತೇನೆ. ಹೇಳಿ ಸ್ಟಾಫ್ ರೂಮಿಗೆ ಬಂದು ಕೂತು, ಆವತ್ತು ನಮ್ಮ ಹೊಲಕ್ಕೆ ಬಂದದ್ದು ದೆವ್ವವೇ ಆಗಿರಲಿ ದೇವರೇ ಅಂತ ಬೇಡಿಕೊಳ್ಳುತ್ತೇನೆ.