ಹೆಣ್ಣುಮಕ್ಕಳ ಸಹಿ

ಡೆಟ್ರಾಯ್ಟಿನಿಂದ ಉತ್ತರಕ್ಕೆ ಮೂರು ಗಂಟೆ ಬಂದರೆ ರಸ್ತೆಯ ಎಡಕ್ಕೆ ಸಾಲಾಗಿ ಗ್ಯಾಸ್ ಬಾವಿಗಳಿವೆ, ಬಲಕ್ಕೆ ಒಂದೂ ಇಲ್ಲ. ನೆಲದಡಿಯ ಬಂಡೆ ಎರಡೂ ಕಡೆ ಒಂದೇ. ವ್ಯತ್ಯಾಸವಿರುವುದು ಕಾಗದದಲ್ಲಿ ಎಂದು ಕೌಂಟಿಯ ದಾಖಲೆ ಕಚೇರಿಗೆ ಹೋದಾಗ ನನಗೆ ತಿಳಿಯಿತು. ಡೆಟ್ರಾಯ್ಟಿನ ಪಕ್ಕದ ವಾರೆನ್‌ನಲ್ಲಿ ಕಾರು ಡಿಸೈನ್ ಕೆಲಸ ಹೋದ ಮೇಲೆ ಮೈಸೂರಿನ ಶಾರದಾ ಇಲ್ಲಿ ಗ್ಯಾಸ್ ಕಂಪನಿಗಾಗಿ ಹಳೆಯ ಕ್ರಯಪತ್ರಗಳನ್ನು ಓದುತ್ತಾರೆ. ನೆಲದಡಿಯ ಗ್ಯಾಸಿನ ಹಕ್ಕಿನ ವಾರಸುದಾರರೆಲ್ಲ ಸಹಿ ಹಾಕಿದ ಕಡೆ ಮಾತ್ರ ಕಂಪನಿ ಕೊರೆಯುತ್ತದೆ.

ರಸ್ತೆಯ ಬಲಗಡೆ ಜಮೀನಿರುವ ರೈತ ಟಾಮ್ ಬಂದಿದ್ದ. ಕೆಲಸಕ್ಕಿದ್ದ ಕಾರ್ಖಾನೆ ಮುಚ್ಚಿದ ಮೇಲೆ ಅವನಿಗೆ ಉಳಿದಿರುವ ಆಸೆ ತನ್ನ ಜಮೀನಿನಲ್ಲಿ ಕೊರೆಯಬಹುದಾದ ಗ್ಯಾಸ್ ಬಾವಿಯೊಂದೇ. “ಎಲ್ಲರದೂ ಸಹಿ ಆಯಿತಲ್ಲ?” ಎಂದ.

ಮೈಸೂರಿನಲ್ಲಿ ಸೈಟು ಕೊಳ್ಳುವವರು ಮೊದಲು ಕೇಳುವುದನ್ನೇ ಶಾರದಾ ಕೇಳಿದರು: “ಹೆಣ್ಣುಮಕ್ಕಳದ್ದು?”

ಹಿಂದೆ ಕಡತ ನೋಡಿದವರು ಯಾರೂ ಇದನ್ನು ಕೇಳಿರಲಿಲ್ಲ.

“ಸೋದರತ್ತೆ ಒಬ್ಬಳಿದ್ದಾಳೆ, ಶಿಕಾಗೋದಲ್ಲಿ. ಮಾತು ಬಿಟ್ಟು ಹದಿನೈದು ವರ್ಷ.”

“ನೋಡಿದ್ರಾ ಸರ್, ಇಲ್ಲೂ ಅದೇ ಕಥೆ!” ಎಂದು ಶಾರದಾ ನನಗೆ ಕನ್ನಡದಲ್ಲಿ ಹೇಳಿ, ಮೇಜಿನ ಫೋನನ್ನು ಅವನತ್ತ ಸರಿಸಿದರು.

ಟಾಮ್ ಟೋಪಿ ತೆಗೆದಿಟ್ಟು ಡಯಲ್ ಮಾಡಿದ. “ಅತ್ತೆ, ನಾನು,” ಎಂದ.